ಗುರುತು ಬೀಳದ ಗಿಡ

ವಿರಾಜಪೇಟೆ
18 ಮಾರ್ಚ್ 2024

ಪ್ರೀತಿಯ ಯಮುನ,

ಕೂತು ಓದು, ತೋಟಕ್ಕೆ ಓಡುತ್ತಾ ಓದಬೇಡ. ಎದೆ ತಪಾಸಣೆಯ ವ್ಯಾನಿನವರ ವರದಿಗಳು ನಿನ್ನೆ ಮಂಗಳೂರಿನಿಂದ ಬಂದವು. ನಿನ್ನ ಚೀಟಿಯಲ್ಲಿ 'ಸಂಶಯಪಡುವಂಥದ್ದು ಕಂಡುಬಂದಿಲ್ಲ' ಎಂದಿದೆ. ಇಷ್ಟು ಓದಿಯಾಯಿತಲ್ಲ, ಇನ್ನು ಓಡಬಹುದು.

ಆ ದಿನ ಗಾಳಿಬೀಡಿನ ಶಾಲೆಯ ಮೈದಾನದಲ್ಲಿ ನೀನು ನನಗೆ ಹಾಕಿದ ಶಾಪಗಳನ್ನು ಮರೆತಿಲ್ಲ. ತೋಟದಲ್ಲಿ ಟ್ರೇಸಿಂಗ್ ನಡೆಯುವಾಗ ಕರೆದೆನೆಂದು ಮುಖ ಊದಿಸಿಕೊಂಡು, ಕೈಯ ಕೆಂಪು ಬಣ್ಣವನ್ನೂ ತೊಳೆಯದೆ ಬಂದು ನಿಂತಿದ್ದೆ. ಯಂತ್ರದ ಎರಡು ಹಲಗೆಗಳ ನಡುವೆ ಎದೆ ಒತ್ತಿಸಿಕೊಂಡು ಹೊರಬಂದವಳು, "ಇದಕ್ಕಿಂತ ಕಾಫಿಹಣ್ಣು ಸುಲಿಯೋ ಪಲ್ಪರಿಗೆ ಕೈ ಕೊಡೋದು ವಾಸಿ" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಮೂವರು ಹಾಗೆಯೇ ಮನೆಗೆ ಹೊರಟರು. ಅವರನ್ನು ಮತ್ತೆ ಕರೆತರಲು ನನಗೆ ಅರ್ಧ ಗಂಟೆ ಬೇಕಾಯಿತು.

ನಲವತ್ತೈದು ಜನರಲ್ಲಿ ಇಬ್ಬರನ್ನು ಮಾತ್ರ ಮುಂದಿನ ಪರೀಕ್ಷೆಗೆ ಕರೆದಿದ್ದಾರೆ. ಒಬ್ಬಳು ನಿಮ್ಮ ತೋಟದ ಬೊಳ್ಳಮ್ಮ, ಇನ್ನೊಬ್ಬಳು ಅಂಗಡಿಯ ಶಾಂಭವಿ. ಬೊಳ್ಳಮ್ಮನಿಗೆ ನೀನೇ ಹೇಳು, ನಾನು ಹೇಳಿದರೆ ಹೆದರಿ ಕೇರಳಕ್ಕೆ ಓಡಿಯಾಳು. ಐದು ವರ್ಷದ ಹಿಂದೆ ಇಂಥದೇ ಯಂತ್ರ ನನ್ನ ಬಲ ಎದೆಯಲ್ಲಿ ಸಾಸಿವೆಯಷ್ಟೂ ಇಲ್ಲದ ಬಿಳಿ ಚುಕ್ಕೆಗಳನ್ನು ಹಿಡಿಯದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಎದೆ ಹೋಯಿತು, ಜೀವ ಉಳಿಯಿತು. ಪ್ರತಿ ಶಿಬಿರದಲ್ಲೂ ಇದನ್ನೇ ಹೇಳುತ್ತೇನೆ. ನಮ್ಮ ಯಜಮಾನರು ನಾಗೇಶ್ವರರು "ಶುರುವಾಯ್ತಾ ನಿನ್ನ ಹರಿಕಥೆ" ಎಂದು ನಗುತ್ತಾರೆ, ನಗಲಿ.

ಚೀಟಿ ತೀರಾ ತೆಳು ಕಾಗದದ್ದು. ನಮ್ಮ ಮಳೆಗೆ ಬೂಸ್ಟು ಹಿಡಿದು ಜುಲೈ ಕಾಣುವುದಿಲ್ಲ. ಅದಕ್ಕೇ ಉಳಿದ ನಲವತ್ತಮೂರು ಜನರ ಚೀಟಿಗಳನ್ನೂ ಹಳೆಯ ಮದುವೆ ಕಾಗದದ ದಪ್ಪ ರಟ್ಟಿಗೆ ಅಂಟಿಸಿ ಲ್ಯಾಮಿನೇಷನ್ ಮಾಡಿಸಿದ್ದೇನೆ. ಎರಡು ಸಂಜೆ ಕೂತು ನಾನೇ ಅಂಟಿಸಿದ್ದು. ಕೆಳಗಡೆ ನನ್ನ ಅಕ್ಷರದಲ್ಲಿ 'ಮುಂದಿನ ತಪಾಸಣೆ: ಮಾರ್ಚ್ 2026' ಎಂದಿದೆ. ಗೋಡೆಗೆ ತೂಗುಹಾಕು, ಬಂದವರು ನೋಡಲಿ.

ನಿನ್ನ
ಕಾತ್ಯಾಯನಿ


ಗಾಳಿಬೀಡು
2 ಏಪ್ರಿಲ್ 2024

ಕಾತಿ,

ಕಾರ್ಡು ಬಂತು. ವಸಂತ ಅದನ್ನು ತಮ್ಮ ಅಪ್ಪನ ಫೋಟೋದ ಕೆಳಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ಈಗ ಮನೆಗೆ ಬಂದವರೆಲ್ಲ ಮೊದಲು ಕೂಸಪ್ಪ ಮಾವನ ಮೀಸೆ ನೋಡುತ್ತಾರೆ, ಆಮೇಲೆ ನನ್ನ ಎದೆಯ ಸಮಾಚಾರ ಓದುತ್ತಾರೆ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಮಗಳು ದಿವ್ಯ ಕೇಳುತ್ತಾಳೆ. ಅವಳಿಗೇನು, ದಿನಾ ಮಡಿಕೇರಿಯ ಬ್ಯಾಂಕಿಗೆ ಹೋಗುವವಳು. ನಮಗೆ ಫೋನಿನಲ್ಲಿ ಸಿಗ್ನಲ್ ಸಿಗುವುದು ಹಾಲಿನ ಡೈರಿಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಇಂಥ ವಿಷಯ ಮಾತಾಡಿದರೆ ಸಂಜೆಯೊಳಗೆ ಹಸುಗಳಿಗೂ ಗೊತ್ತಾಗುತ್ತದೆ.

ಬೊಳ್ಳಮ್ಮನನ್ನು ನಾನೇ ಎಳೆದುಕೊಂಡು ಮಂಗಳೂರಿಗೆ ಹೋದೆ. ಇದೆಯಂತೆ. ಕಡಲೆಕಾಳಿನಷ್ಟು, ಕೈಗೆ ಸಿಗದಷ್ಟು ಒಳಗೆ. ಎದೆ ಪೂರ್ತಿ ತೆಗೆಯಬೇಕಾಗಿಲ್ಲ, ಗಂಟು ಮಾತ್ರ ತೆಗೆದು ಆಮೇಲೆ ರೇಡಿಯೇಷನ್ ಕರೆಂಟು ಕೊಡುತ್ತಾರಂತೆ. ಹತ್ತನೇ ತಾರೀಖಿಗೆ ಆಪರೇಷನ್. ನಿನಗೆ ಹಾಕಿದ ಶಾಪಗಳನ್ನು ವಾಪಸ್ ತೆಗೆದುಕೊಂಡಿದ್ದೇನೆ.

ನೀನು ಟೀಚರ್, ಆದರೆ ಇವತ್ತು ಪಾಠ ನನ್ನದು. ಅರೇಬಿಕ ಕಾಫಿ ಗಿಡಕ್ಕೆ ಕಾಂಡಕೊರಕ ಎಂಬ ಹುಳ ಬೀಳುತ್ತದೆ. ಒಳಗೆ ಸೇರಿ ತಿನ್ನುತ್ತಿದ್ದರೂ ಹೊರಗೆ ಎಲೆ ಹಸಿರು. ಅದಕ್ಕೇ ಮಾರ್ಚಿಗೊಮ್ಮೆ, ಸೆಪ್ಟೆಂಬರಿಗೊಮ್ಮೆ ಸಾಲು ಹಿಡಿದು ಒಂದೊಂದೇ ಕಾಂಡವನ್ನು ಕೈಯಿಂದ ಸವರಿ ನೋಡುತ್ತೇವೆ. ಅದೇ ಟ್ರೇಸಿಂಗ್. ತೊಗಟೆ ಉಬ್ಬಿ ಏಣು ಕಟ್ಟಿದ್ದರೆ ಕೆಂಪು ಗುರುತು ಹಾಕಿ, ಕಿತ್ತು, ಸುಡುವುದು. ಗುರುತು ಬೀಳದ್ದು ಒಳ್ಳೆಯ ಗಿಡ. ನಮ್ಮ ಮಾವನದು ಒಂದು ಕಟ್ಟುನಿಟ್ಟು ಇತ್ತು. ಸಾಲು ಮುಗಿದ ಮೇಲೆ ಮುಂದಿನ ಟ್ರೇಸಿಂಗ್ ತನಕ ಆ ಗಿಡವನ್ನು ಯಾರೂ ಮುಟ್ಟಿ ನೋಡಬಾರದು. "ಎರಡ್ ಸಲ ಮುಟ್ಟಿರೆ ಎಲ್ಲ ಗಿಡಲೂ ಹುಳ ಉಟ್ಟುಂತ ಕಂಡದೆ" ಎನ್ನುತ್ತಿದ್ದರು, ಎಲ್ಲದರಲ್ಲೂ ಹುಳ ಇದೆಯೆಂದೇ ಕಾಣುತ್ತದಂತೆ. ಒಂದು ವರ್ಷ ಹೆದರಿಕೆಯಲ್ಲಿ ಮತ್ತೆ ಮತ್ತೆ ನೋಡಿ ಇನ್ನೂರು ಗಿಡ ಕೀಳಿಸಿದ್ದರಂತೆ. ಸುಟ್ಟ ಮೇಲೆ ಯಾವುದರಲ್ಲಿ ಹುಳ ಇತ್ತು, ಯಾವುದರಲ್ಲಿ ಇರಲಿಲ್ಲ ಎಂದು ಯಾರು ಹೇಳಬೇಕು? ಸಾಯುವ ತನಕ ಆ ಗಿಡಗಳ ಮಾತು ಆಡುತ್ತಿದ್ದರು.

ಹಾಗಾಗಿ ನಿನ್ನ ಕಾರ್ಡು ನನಗೆ ಚೆನ್ನಾಗಿ ಅರ್ಥವಾಗಿದೆ. ನನ್ನ ಸಾಲು ಮುಗಿಯಿತು. 2026ರ ತನಕ ನನ್ನನ್ನು ಯಾರೂ ಮುಟ್ಟಬೇಕಾಗಿಲ್ಲ. ವಸಂತರಿಗೂ ಹೇಳಿದ್ದೇನೆ.

ಇತಿ ನಿನ್ನ
ಯಮುನ


ಗಾಳಿಬೀಡು
4 ಆಗಸ್ಟ್ 2024

ಕಾತಿ,

ನಾಲ್ಕು ತಿಂಗಳಿಂದ ನಿನಗೂ ಬರೆಯಲು ಪುರುಸೊತ್ತಿಲ್ಲ, ನನಗೂ ಇಲ್ಲ. ಹತ್ತು ದಿನದಿಂದ ಕರೆಂಟಿಲ್ಲ. ಮಳೆ ಹೊಡೆದ ಹೊಡೆತಕ್ಕೆ ಡೈರಿಯ ಕಟ್ಟೆಯಲ್ಲೂ ಫೋನು ಸತ್ತಿದೆ.

ನಿನ್ನೆ ಆಟಿ ತಿಂಗಳ ಹದಿನೆಂಟು. ಮದ್ದುಸೊಪ್ಪಿನ ಪಾಯಸ ಮಾಡಿದೆ. ಆ ಒಂದು ದಿನ ಸೊಪ್ಪಿಗೆ ಹದಿನೆಂಟು ಮದ್ದಿನ ಗುಣ ಬರುತ್ತದೆಂದು ನಮ್ಮವರ ನಂಬಿಕೆ, ನಿನಗೆ ಗೊತ್ತೇ ಇದೆ. ಯಾವಾಗಲೂ ಮೂಗು ಮುಚ್ಚಿಕೊಂಡು ಎರಡು ಚಮಚ ತಿನ್ನುವವಳು ಈ ಸಲ ಎರಡು ಲೋಟ ಕುಡಿದೆ. ದಿವ್ಯ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೇಲೆ ಒಂದು ಸಾಲು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ, ಟೀಚರ್ ಬುದ್ಧಿ ಬಿಡು. ಏನೋ ಬರೆಯಲು ಹೋಗಿ ಏನೋ ಆಯಿತು.

ಒಂದು ವಿಷಯ ಕೇಳಬೇಕಿತ್ತು. ಕಾರ್ಡಿನಲ್ಲಿ ಸರಿ ಎಂದು ಬಂದರೆ ಅದು ಎಷ್ಟು ದಿನಕ್ಕೆ ಸರಿ? ನೀನು ಬರೆದ ಆ ಮಾರ್ಚ್ 2026ರ ತನಕವೂ ಸರಿಯೇ? ಸುಮ್ಮನೆ ಕೇಳಿದೆ. ಇಲ್ಲಿ ಹೆಂಗಸರು ಕೇಳುತ್ತಾರೆ.

ಬೊಳ್ಳಮ್ಮ ಗಟ್ಟಿಯಾಗಿದ್ದಾಳೆ. ಕೆಲಸಕ್ಕೆ ಬರುತ್ತೇನೆಂದು ದಿನಾ ಜಗಳ.

ಇತಿ
ಯಮುನ


ವಿರಾಜಪೇಟೆ
16 ಆಗಸ್ಟ್ 2024

ಪ್ರೀತಿಯ ಯಮುನ,

ಹೆಂಗಸರು ಕೇಳಿದರೆ ಧೈರ್ಯವಾಗಿ ಹೇಳು, ಮಾರ್ಚ್ 2026ರ ತನಕ ಸರಿ. ನಿಮ್ಮ ಟ್ರೇಸಿಂಗ್ ಇದ್ದ ಹಾಗೆಯೇ. ಗುರುತು ಬೀಳದ ಗಿಡವನ್ನು ನಡುವೆ ಮುಟ್ಟಬಾರದೆಂದು ನಿಮ್ಮ ಮಾವ ಹೇಳುತ್ತಿದ್ದರಲ್ಲ, ಅದೇ ಮಾತನ್ನು ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಅಷ್ಟು ಚೆನ್ನಾಗಿದೆ.

ಯಾಕೆ ಹೇಳುತ್ತೇನೆಂದರೆ ಶಾಂಭವಿಯ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಮೂರು ಸಲ ಸೂಜಿ ಹಾಕಿ ನೋಡಿದರು. ಮೂರು ವಾರ ಆ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ಮಕ್ಕಳನ್ನು ತವರಿಗೆ ಕಳಿಸಿ, ಒಡವೆ ಯಾರಿಗೆ ಯಾವುದು ಎಂದು ಅತ್ತೆಯ ಹತ್ತಿರ ಹೇಳಿಯೂ ಆಯಿತು. ಕೊನೆಗೆ ಏನೂ ಇಲ್ಲ, ನೀರಿನ ಗುಳ್ಳೆ. ಆ ಅತ್ತೆ ಮಡಿಕೇರಿ ಸಂತೆಯಲ್ಲಿ ನನ್ನನ್ನು ತಡೆದು, "ಸುಮ್ಮನೆ ಇದ್ದವಳನ್ನು ಅರ್ಧ ಸಾಯಿಸಿದಿರಲ್ಲ ಟೀಚರ್" ಎಂದರು. ಅಷ್ಟು ಜನರ ನಡುವೆ ನನಗೆ ಅಳು ಬಂತು. ಅಂದಿನಿಂದ ಯಾರನ್ನೂ ವಿನಾಕಾರಣ ಹೆದರಿಸಬಾರದೆಂದು ನಿಶ್ಚಯಿಸಿದ್ದೇನೆ.

ಆ ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದೆ. ಓದಲಾಗಲಿಲ್ಲ. ನೀನು ಗಟ್ಟಿಯಾಗಿ ಒತ್ತಿ ಹೊಡೆದಿದ್ದೀ.

ನಿನ್ನ
ಕಾತ್ಯಾಯನಿ


ಗಾಳಿಬೀಡು
29 ಸೆಪ್ಟೆಂಬರ್ 2024

ಕಾತಿ,

ಟ್ರೇಸಿಂಗ್ ಮುಗಿಯಿತು. ಈ ಸಲ ಕಾಂಡ ಸವರಿದ್ದು ಬೊಳ್ಳಮ್ಮ, ನಾನು ಬಣ್ಣದ ಡಬ್ಬ ಹಿಡಿದು ಹಿಂದೆ ನಡೆದೆ. ಎಡಗೈ ಎತ್ತಲು ಸ್ವಲ್ಪ ಬಿಗಿತ. ಚಳಿಗೆ ಇರಬೇಕು. ಆಪರೇಷನ್ ಆದವಳು ಮುಂದೆ, ನಾನು ಹಿಂದೆ. ಅವಳು ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದಳು.

ಕೆರೆಯ ಪಕ್ಕದ ಆರನೇ ಸಾಲಿನಲ್ಲಿ ಒಂದು ಗಿಡ. ಮಾರ್ಚಿನಲ್ಲಿ ನಾನೇ, ಈ ಕೈಯಲ್ಲೇ, ನೋಡಿ ಬಿಟ್ಟದ್ದು. ಆಗ ಅದು ಕನ್ನಡಿಯಂತೆ ನುಣ್ಣಗಿತ್ತು, ನನಗೆ ಚೆನ್ನಾಗಿ ನೆನಪಿದೆ. ಮೊನ್ನೆ ಬೊಳ್ಳಮ್ಮ ಕೈ ಇಟ್ಟದ್ದೇ ತಡ, ಲಟಕ್ಕೆಂದು ಬುಡದಲ್ಲೇ ಮುರಿದು ಬಿತ್ತು. ಒಳಗೆ ಬರೀ ಹುಡಿ. ಕೊಂಬೆಯಲ್ಲಿ ಕಾಯಿ ಇನ್ನೂ ಹಸಿರಾಗಿತ್ತು.

"ನಾನು ಸರಿಯಾಗಿ ನೋಡಿದ್ದೆ ಬೊಳ್ಳಮ್ಮ" ಎಂದೆ.

"ನೀವು ಸರಿಯಾಗೇ ನೋಡಿದ್ದು ಅಕ್ಕ" ಎಂದಳು. "ಆವಾಗ ಹುಳ ಒಳಗೇ ಇತ್ತೋ ಏನೋ, ಏಣು ಬಂದಿರ್ಲಿಲ್ಲ. ಇಲ್ಲದಿದ್ರೆ ಆಮೇಲೆ ಬಂತು. ನಡುವೆ ಒಂದು ಸಲ ಮುಟ್ಟಿದ್ದಿದ್ರೆ ಗೊತ್ತಾಗ್ತಿತ್ತು."

ಮೂವತ್ತು ವರ್ಷ ಮಾವನ ಮಾತು ಕೇಳಿಕೊಂಡು ಬಂದೆ, ಒಬ್ಬರೂ ಹೀಗೆ ಹೇಳಿರಲಿಲ್ಲ. ಆ ದಿನವಿಡೀ ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ರವಿಕೆಗಳನ್ನೆಲ್ಲ ಸಡಿಲ ಮಾಡಿಕೊಳ್ಳುತ್ತಿದ್ದೇನೆ. ವಯಸ್ಸಾಯಿತಲ್ಲ. ಬೇರೆ ಏನೋ ಬರೆಯಬೇಕೆಂದು ಕೂತಿದ್ದೆ, ಕಾಗದ ಮುಗಿಯಿತು.

ಯಮುನ


ವಿರಾಜಪೇಟೆ
5 ಅಕ್ಟೋಬರ್ 2024

ಯಮುನ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಗಿಡದ ಕಥೆ ಎಂದು ಓದಿದೆ.

ಎಡಗೈಗೆ ಏನಾಗಿದೆ? ರವಿಕೆ ಯಾಕೆ ಸಡಿಲ ಮಾಡುತ್ತಿದ್ದೀ? ಆಗಸ್ಟಿನಲ್ಲಿ ಕಾರ್ಡಿನ ವಿಷಯ ಕೇಳಿದ್ದು ಯಾವ ಹೆಂಗಸರು, ಅವರ ಹೆಸರು ಬರೆ. ಬರೆಯಲೂ ಬೇಡ. ಡೈರಿಯ ಕಟ್ಟೆಯಿಂದ ಫೋನು ಮಾಡು, ಊರೆಲ್ಲ ಕೇಳಿಸಿಕೊಳ್ಳಲಿ. ಈ ಪತ್ರವನ್ನು ಟಪಾಲಿಗೆ ಹಾಕುತ್ತಿಲ್ಲ. ಮಡಿಕೇರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ದಿವ್ಯಳ ಬ್ಯಾಂಕಿಗೆ ಕಳಿಸುತ್ತಿದ್ದೇನೆ, ತೆರೆದು ಓದು ಎಂದು ಅವಳಿಗೂ ಹೇಳಿದ್ದೇನೆ.

ನನಗೆ ಭಯವಾಗುತ್ತಿದೆ.

ಕಾತ್ಯಾಯನಿ


ಮಡಿಕೇರಿ
27 ಅಕ್ಟೋಬರ್ 2024

ಕಾತ್ಯಾಯನಿ ಆಂಟಿಗೆ,

ಫೋನಿನಲ್ಲಿ ಅರ್ಧವೇ ಹೇಳಿದೆ, ಉಳಿದದ್ದು ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಸಿಕ್ಕಿದ ದಿನ ಮನೆಗೆ ಹೋಗಿ, ಅಮ್ಮ ಬೈದರೂ ಬಿಡದೆ ನೋಡಿದೆ. ಎಡ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕಂಕುಳಲ್ಲೂ ಎರಡು. ಜುಲೈಯಿಂದ ಇತ್ತಂತೆ. ಮಳೆಗಾಲದಲ್ಲಿ ಕೇಳಿದಾಗಲೆಲ್ಲ "ಎಂತದೂ ಇಲ್ಲೆ ಮಗಾ" ಎನ್ನುತ್ತಿದ್ದರು. ಅಪ್ಪನಿಗೂ ಹಾಗೇ ಹೇಳಿದ್ದರು. ಅಪ್ಪ ಗೋಡೆಯ ಕಾರ್ಡು ನೋಡಿ ಸುಮ್ಮನಾಗಿದ್ದರು.

ಮಂಗಳೂರಿನಲ್ಲಿ ಸೂಜಿ ಪರೀಕ್ಷೆ ಆಯಿತು, ಕ್ಯಾನ್ಸರೇ. ಬೇಗ ಬೆಳೆಯುವ ಜಾತಿಯದಂತೆ. ಮೊದಲು ಕೀಮೋ, ಆಮೇಲೆ ಆಪರೇಷನ್. ಲಿವರಿನಲ್ಲಿ ಒಂದು ಚುಕ್ಕೆ ಕಾಣಿಸುತ್ತಿದೆ, ಅದೇನೆಂದು ಇನ್ನೂ ಹೇಳಿಲ್ಲ. ಡಾಕ್ಟರ್ ದೀಕ್ಷಿತಾ ಎಂಬವರು ನೋಡುತ್ತಿದ್ದಾರೆ. ಅವರು ನನ್ನನ್ನು ಹೊರಗೆ ಕರೆದು, "ಗಂಟು ಕಂಡ ಕೂಡಲೇ ಯಾಕೆ ಬರಲಿಲ್ಲ? ಚೀಟಿಯ ಹಿಂದೆ ಬರೆದಿರುತ್ತೇವಲ್ಲ" ಎಂದು ಕೇಳಿದರು.

ಮನೆಗೆ ಬಂದು ಕಾರ್ಡು ಇಳಿಸಿದೆ. ಹಿಂದೆ ಯಾರದೋ ಮದುವೆಯ ಮುಹೂರ್ತ ಇತ್ತು. ಬ್ಲೇಡಿನಿಂದ ಪ್ಲಾಸ್ಟಿಕ್ ಕೊಯ್ದು, ಆವಿಗೆ ಹಿಡಿದು, ಚೀಟಿಯನ್ನು ರಟ್ಟಿನಿಂದ ಬಿಡಿಸಿದೆ. ಅರ್ಧ ಅಕ್ಷರ ಗೋಂದಿಗೆ ಹೋಗಿತ್ತು. ಉಳಿದದ್ದು ಇಷ್ಟು: 'ಈ ಪರೀಕ್ಷೆ ಎಲ್ಲವನ್ನೂ ಕಾಣಲಾರದು. ಮುಂದಿನ ತಪಾಸಣೆಗೆ ಮೊದಲೇ ಗಂಟು ಅಥವಾ ಬದಲಾವಣೆ ಕಂಡರೆ ಕಾಯದೆ ವೈದ್ಯರನ್ನು...'

ಆಂಟಿ, ಇದನ್ನು ಯಾಕೆ ಅಂಟಿಸಿದಿರಿ?

ಅಮ್ಮನಿಗೆ ಈ ಚೀಟಿ ತೋರಿಸಿಲ್ಲ. ನಿಮ್ಮನ್ನು ಬೈಯಬಾರದೆಂದು ಆಣೆ ಹಾಕಿಸಿದ್ದಾರೆ. ಬೈಯುತ್ತಿಲ್ಲ. ಕೇಳುತ್ತಿದ್ದೇನೆ.

ದಿವ್ಯ


ವಿರಾಜಪೇಟೆ
15 ನವೆಂಬರ್ 2024

ಯಮುನ,

ಆಸ್ಪತ್ರೆಗೆ ಬಂದಾಗ ನೀನು ನಿದ್ದೆಯಲ್ಲಿದ್ದೆ. ಎಬ್ಬಿಸುವ ಧೈರ್ಯವಾಗಲಿಲ್ಲ. ನಿದ್ದೆಯೇ ಆಗಿತ್ತೆಂದು ನಂಬಿದ್ದೇನೆ.

ಚೀಟಿಯ ಹಿಂದೆ ಬರೆದದ್ದನ್ನು ನಾನು ಓದಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಓದಿದ್ದೆ. ಎಲ್ಲ ಕಾಗದಗಳ ಹಿಂದೆಯೂ ಇರುವ ಸಣ್ಣ ಅಕ್ಷರ ಎಂದುಕೊಂಡೆ. ಹೆದರಿಸುವ ಮಾತು ಗೋಡೆಯ ಮೇಲೆ ಯಾಕೆ ಎಂದೂ ಅನಿಸಿತು. ನಾನು ಮಳೆಯಿಂದ ಉಳಿಸಿದ್ದು ಮುಂಭಾಗವನ್ನು ಮಾತ್ರ. ಆಮೇಲೆ ನೀನು ಕೇಳಿದಾಗ ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ, ನಿನ್ನ ಮಾವನ ಮಾತನ್ನೇ ನಿನಗೆ ಉತ್ತರವಾಗಿ ಕೊಟ್ಟೆ.

ಡಾಕ್ಟರ್ ದೀಕ್ಷಿತಾ ಅವರ ಹತ್ತಿರ ಒಂದು ಗಂಟೆ ಕೂತಿದ್ದೆ. ಯಂತ್ರದ ಕಣ್ಣಿನಿಂದ ಹತ್ತು ಕ್ಯಾನ್ಸರುಗಳಲ್ಲಿ ಒಂದೋ ಎರಡೋ ತಪ್ಪಿಸಿಕೊಳ್ಳುತ್ತವಂತೆ. ಎರಡು ತಪಾಸಣೆಗಳ ನಡುವೆ ಹುಟ್ಟಿ ಬೆಳೆಯುವಂಥದ್ದೂ ಇರುತ್ತದಂತೆ. ಹಾಗೆಂದು ವ್ಯಾನು ಕಳಿಸುವುದನ್ನು ಬಿಡಬಾರದು, ಬೊಳ್ಳಮ್ಮನಂಥವರು ಉಳಿಯುವುದು ಅದರಿಂದಲೇ ಎಂದರು. ಮಾತಿನ ನಡುವೆ ನನ್ನ ಹಳೆಯ ವರದಿಯನ್ನೂ ತೋರಿಸಿದೆ, ಹೊಗಳಿಕೆ ಸಿಗುತ್ತದೆ ಎಂಬ ಆಸೆಯಿಂದ. ಅವರು ಬಹಳ ಹೊತ್ತು ನೋಡಿ, "ನಿಮ್ಮ ಚುಕ್ಕೆಗಳು ಮುಂದೆ ಕ್ಯಾನ್ಸರ್ ಆಗುತ್ತಿದ್ದವೋ, ಇಲ್ಲ ನೂರು ವರ್ಷ ಹಾಗೇ ಸುಮ್ಮನಿರುತ್ತಿದ್ದವೋ, ಯಾರೂ ಹೇಳಲಾರರು. ಆಗ ತೆಗೆದದ್ದು ತಪ್ಪಲ್ಲ. ಬೇಕಿತ್ತೋ ಎಂಬುದು ಗೊತ್ತಿಲ್ಲ" ಎಂದರು.

ಇಪ್ಪತ್ತು ಶಿಬಿರಗಳಲ್ಲಿ ಮೈಕ್ ಹಿಡಿದು ಯಂತ್ರ ನನ್ನ ಜೀವ ಉಳಿಸಿತು ಎಂದಿದ್ದೇನೆ ಯಮುನ. ಉಳಿಸಿರಬಹುದು. ನಿಮ್ಮ ಮಾವನ ಆ ಇನ್ನೂರು ಗಿಡಗಳಲ್ಲಿ ನಾನೂ ಒಂದಿರಬಹುದು. ಆ ಮಾತಿನ ಬಲದ ಮೇಲೆ ನಿನ್ನನ್ನು ಎಳೆದು ತಂದೆ, ಅದೇ ಬಲದ ಮೇಲೆ ಮನೆಯಲ್ಲಿ ಕೂರಿಸಿದೆ.

ಕಾರ್ಡುಗಳನ್ನು ಮನೆಮನೆಗೆ ಹೋಗಿ ವಾಪಸ್ ತರುತ್ತಿದ್ದೇನೆ. ನಲವತ್ತೆರಡು ಬಂದಿವೆ. ಪ್ರತಿಯೊಬ್ಬರಿಗೂ ಹಿಂದಿನ ಮಾತನ್ನು ಮುಂದೆ ದೊಡ್ಡದಾಗಿ ಬರೆದು ಬೇರೆ ಕೊಟ್ಟಿದ್ದೇನೆ. ಇನ್ನು ಶಿಬಿರ ಮಾಡುವುದಿಲ್ಲ. ಯಾವ ಮುಖ ಹೊತ್ತು ಮಾಡಲಿ?

ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ. ಕ್ಷಮಿಸು.

ಕಾತ್ಯಾಯನಿ


ಗಾಳಿಬೀಡು
2 ಫೆಬ್ರವರಿ 2025

ಕಾತಿ,

ಕೀಮೋ ಐದು ಆಯಿತು. ಕೂದಲು ಹೋಗಿದೆ. ವಸಂತರ ಬೋಳಿಗೂ ನನ್ನ ಬೋಳಿಗೂ ಈಗ ಜೋಡಿ ಸರಿಹೋಗಿದೆ. ಅಕ್ಷರ ಅಲ್ಲಾಡಿದರೆ ಸಹಿಸಿಕೋ, ಬೆರಳ ತುದಿ ಜೋಮು ಹಿಡಿಯುತ್ತದೆ. ಕಾಂಡ ಸವರಿದರೂ ಇನ್ನು ಏಣು ತಿಳಿಯಲಿಕ್ಕಿಲ್ಲ.

ಲಿವರಿನ ಚುಕ್ಕೆ ಅದೇ ಎಂದು ಹೇಳಿದರು. ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ. ಮಾರ್ಚಿನಲ್ಲಿ ಇದು ಒಳಗಿತ್ತೋ ಎಂದು ಮಾತ್ರ ಕೇಳಿದೆ. ಇದ್ದಿರಬಹುದು, ಇಲ್ಲದಿರಬಹುದು ಎಂದರು. ನನ್ನ ಎದೆಯ ಮಾಂಸ ದಟ್ಟವಂತೆ, ಫೋಟೋದಲ್ಲಿ ಎಲ್ಲ ಬೆಳ್ಳಗೆ, ಗಂಟೂ ಬೆಳ್ಳಗೆ. ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ.

ಆ ದಿನ ಆಸ್ಪತ್ರೆಯಲ್ಲಿ ನಾನು ನಿದ್ದೆ ಮಾಡಿರಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ಇಲ್ಲ ಎಂದರೆ ನೀನು ನಂಬುವುದಿಲ್ಲ. ಆದರೆ ಪೂರ್ತಿ ಸಿಟ್ಟನ್ನು ನಿನಗೇ ಕೊಡಲಾರೆ, ಅರ್ಧ ನನ್ನದು. ಆಗಸ್ಟಿನಲ್ಲಿ ಹೊಡೆದುಹಾಕಿದ ಸಾಲಿನಲ್ಲಿ ಏನಿತ್ತು ಗೊತ್ತೇ? 'ಎಡಗಡೆ ಒಂದು ಗಂಟು ಕೈಗೆ ಸಿಗುತ್ತಿದೆ' ಎಂದು ಬರೆದಿದ್ದೆ. ಅದನ್ನು ಬಿಟ್ಟಿದ್ದರೆ ನೀನು ಆ ಮಳೆಯಲ್ಲೇ ಓಡಿ ಬರುತ್ತಿದ್ದೆ, ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಡೆದುಹಾಕಿದೆ. ಟ್ರೇಸಿಂಗ್ ಮುಗಿಯಲಿ, ಅದು ಮುಗಿಯಲಿ, ಇದು ಮುಗಿಯಲಿ ಎಂದು. ನಾನು ನಿನ್ನನ್ನು ಪ್ರಶ್ನೆ ಕೇಳಲಿಲ್ಲ ಕಾತಿ, ರಜೆ ಕೇಳಿದೆ. ನೀನು ಕೊಟ್ಟೆ.

ಶಿಬಿರ ನಿಲ್ಲಿಸಬೇಡ. ಹುಳ ತಪ್ಪಿಸಿಕೊಂಡಿತೆಂದು ಯಾರಾದರೂ ಟ್ರೇಸಿಂಗ್ ಬಿಡುತ್ತಾರೆಯೇ? ಬೊಳ್ಳಮ್ಮ ದಿನಾ ಬಂದು ನನ್ನ ಕಾಲು ಒತ್ತುತ್ತಾಳೆ. ಅವಳು ಉಳಿದದ್ದು ನಿನ್ನಿಂದಲೇ. ಮೈಕಿನಲ್ಲಿ ಅವಳ ಕಥೆಯ ಜೊತೆ ನನ್ನದನ್ನೂ ಹೇಳು. ನಿನ್ನದನ್ನೂ, ಗೊತ್ತಿಲ್ಲ ಎನ್ನುವ ಮಾತಿನ ಸಮೇತ. ಗೊತ್ತಿಲ್ಲ ಎಂದರೆ ಟೀಚರ ಮರ್ಯಾದೆ ಹೋಗುವುದಿಲ್ಲ.

ನಿನ್ನ ನಲವತ್ತಮೂರನೇ ಕಾರ್ಡು ಬರುವುದಿಲ್ಲ. ದಿವ್ಯ ಅದನ್ನು ತನ್ನ ಬೀರುವಿನಲ್ಲಿ ಬಚ್ಚಿಟ್ಟಿದ್ದಾಳೆ, ನನಗೆ ಕಾಣದೆಂದು. ಮೊನ್ನೆ ನೋಡಿದೆ.

ಈಗ ಈ ಪತ್ರ ಬರೆಯಲು ನಿಜವಾದ ಕಾರಣ. ಈ ವಾರ ಒಂದು ಬೆಳಿಗ್ಗೆ ದಿವ್ಯ ಸ್ನಾನಕ್ಕೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನೀರಿನ ಸದ್ದೂ ಇಲ್ಲ. ನಾನು ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ತೆರೆದಳು. ಎಡಗೈ ಟವೆಲಿನೊಳಗೆ, ಎದೆಯ ಮೇಲೆ ಇತ್ತು, ಮುಖ ಬಿಳಿಚಿತ್ತು. "ಎಂತ ಆತ್ ಮಗಾ?" ಎಂದೆ.

"ಎಂತದೂ ಇಲ್ಲೆ ಅಮ್ಮ" ಎಂದಳು.

ಇವತ್ತಿಗೆ ನಾಲ್ಕು ದಿನ. ಎರಡು ಸಲ ಕೇಳಿದೆ, ಅದೇ ಮಾತು, ನನ್ನದೇ ದನಿ. ನನ್ನನ್ನು ಈ ಸ್ಥಿತಿಯಲ್ಲಿ ಹೆದರಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾಳೆ. ಅವಳಿಗೆ ಇಪ್ಪತ್ತೊಂಬತ್ತು, ಶಾಂಭವಿಯ ಹಾಗೆ ಬರೀ ನೀರಿನ ಗುಳ್ಳೆ ಇರಬಹುದು. ಇರಲಿ. ಅವಳನ್ನು ವ್ಯಾನಿಗೆ ಕಾಯಿಸಬೇಡ, ಡಾಕ್ಟರ ಕೈಯೇ ನೋಡಬೇಕು. ನಾನು ಮೆಟ್ಟಿಲು ಇಳಿಯಲಾರೆ, ವಸಂತರಿಗೆ ಹೇಳಿದರೆ ಅಲ್ಲೇ ಕುಸಿಯುತ್ತಾರೆ.

ಇದನ್ನು ಬೊಳ್ಳಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ, ಉತ್ತರ ಬರೆಯಬೇಡ. ಅವಳನ್ನು ಏನೂ ಕೇಳಬೇಡ, ಕೇಳಿದರೆ ಇಲ್ಲ ಎನ್ನುತ್ತಾಳೆ. ಬಂದು ಕೈ ಹಿಡಿದು ಕರೆದುಕೊಂಡು ಹೋಗು. ಬಸ್ಸಿಗೆ ಕಾಯದೆ ಜೀಪು ಮಾಡಿಕೊಂಡು ಬಾ.

ನಿನ್ನ
ಯಮುನ